ಅಗಲಿದವರ ಕಪಾಟು ತೆರೆಯುವಾಗ

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಚರ್ಚುಗಳ ಸಮಾಧಿಸ್ಥಳಗಳಲ್ಲಿ ಹುಲ್ಲು ಕೆತ್ತುವ, ಸಮಾಧಿಗಳಿಗೆ ಸುಣ್ಣ ಬಳಿಯುವ ಕೆಲಸ ಭರದಿಂದ ಸಾಗುತ್ತದೆ. 2ನೇ ತಾರೀಕಿನಂದು ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಹೂವು, ಮೇಣದಬತ್ತಿ, ಪ್ರಾರ್ಥನೆ ಎಲ್ಲವೂ ನಮಗೆ ರೂಢಿಯಾಗಿವೆ. ಯಾವಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸಮಾಧಿಸ್ಥಳದಿಂದ ಮನೆಗೆ ಮರಳಿದವರಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಅದಕ್ಕೆ ವಿಧಿಯೂ ಇಲ್ಲ, ಪ್ರಾರ್ಥನಾ ಪುಸ್ತಕವೂ ಇಲ್ಲ. ಅದು ಅಗಲಿದವರ ಕಪಾಟು ತೆರೆಯುವ ಕೆಲಸ.

ತಿಂಗಳ ಪೂಜೆ ಮುಗಿದು, ಬಂದ ನೆಂಟರಿಷ್ಟರು ಊಟ ಮಾಡಿ ಹೊರಟ ಮೇಲೆ ಮನೆಯವರು ಮೆಲ್ಲನೆ ಹತ್ತಿರ ಬಂದು ಕೇಳುವುದುಂಟು: "ಫಾದರ್, ಅವರ ಬಟ್ಟೆಬರೆ ಎಲ್ಲಾ ಏನು ಮಾಡುವುದು?" ಧರ್ಮಗುರುವಾಗಿ ನನ್ನ ಇಷ್ಟು ವರ್ಷಗಳ ಸೇವೆಯಲ್ಲಿ ಸ್ವರ್ಗ ನರಕಗಳ ಕುರಿತು ಕೇಳಿದವರಿಗಿಂತ ಈ ಪ್ರಶ್ನೆ ಕೇಳಿದವರೇ ಹೆಚ್ಚು. ಕೆಲವರು ಇನ್ನೂ ಸಣ್ಣ ದನಿಯಲ್ಲಿ, "ಸತ್ತವರ ಅಂಗಿ ಹಾಕಿಕೊಂಡರೆ ದೋಷ ಇದೆಯಾ?" ಎಂದು ಕೇಳುತ್ತಾರೆ. ದೋಷವೇನೂ ಇಲ್ಲ. ಒಗೆದು, ಇಸ್ತ್ರಿ ಹಾಕಿ, ಧಾರಾಳವಾಗಿ ಧರಿಸಬಹುದು. ಆದರೆ ಮೊದಲನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಿಲ್ಲ. ನಾನೇ ಒಮ್ಮೆ ಅದಕ್ಕೆ ತಪ್ಪು ಉತ್ತರ ಕೊಟ್ಟವನು. ಅದನ್ನು ಮುಂದೆ ಹೇಳುತ್ತೇನೆ.

ಒಗೆಯದ ಅಂಗಿ

ಒಂದು ಮನೆಯಲ್ಲಿ ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಹೆಂಡತಿ ಅವರು ಕೊನೆಯದಾಗಿ ಹಾಕಿದ ಅಂಗಿಯನ್ನು ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಮೇಲಿನ ಅರೆಯಲ್ಲಿಟ್ಟಿದ್ದರು. "ಅಮ್ಮನಿಗೆ ತಲೆ ಸರಿ ಇಲ್ಲವೋ ಏನೋ, ರಾತ್ರಿ ಆ ಚೀಲ ಬಿಚ್ಚಿ ಮೂಸಿ ನೋಡುತ್ತಾರೆ" ಎಂದು ಮಗ ನನ್ನಲ್ಲಿ ಗುಟ್ಟಾಗಿ ದೂರಿದ. ತಾಯಿಯ ತಲೆ ಸರಿಯಾಗಿಯೇ ಇತ್ತು. ನಮ್ಮ ದೇಹದ ರಚನೆಯೇ ಹಾಗಿದೆ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮೆದುಳಿನ ನಡುವೆಯಿರುವ ಥಾಲಮಸ್ ಎಂಬ ಭಾಗದ ಮೂಲಕ ಹಾದು ಮುಂದೆ ಸಾಗುತ್ತದೆ. ವಾಸನೆಗೆ ಮಾತ್ರ ಒಳದಾರಿ ಇದೆ. ಮೂಗಿನಿಂದ ಹೊರಟ ಸಂದೇಶವು ಭಾವನೆಗೆ ಸಂಬಂಧಿಸಿದ ಅಮಿಗ್ಡಾಲಾ ಮತ್ತು ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗಗಳನ್ನು ಬಹುಬೇಗ ತಲಪುತ್ತದೆ. ಫೋಟೊ ನೋಡಿದಾಗ ನಾವು ವ್ಯಕ್ತಿಯನ್ನು ನೆನಪಿಸಿಕೊಳ್ಳುತ್ತೇವೆ. ಅಂಗಿಯ ವಾಸನೆ ಬಂದಾಗ ಒಂದು ಕ್ಷಣ ಆ ವ್ಯಕ್ತಿ ಪಕ್ಕದಲ್ಲೇ ಇದ್ದಂತಾಗುತ್ತದೆ. ಬೆವರು, ಸೋಪು, ತಲೆಗೆ ಹಾಕಿದ ತೆಂಗಿನೆಣ್ಣೆ, ಅಷ್ಟಿಷ್ಟು ಮೀನಿನ ವಾಸನೆ ಎಲ್ಲ ಸೇರಿದ ಆ ಪರಿಮಳ ಲೋಕದಲ್ಲಿ ಬೇರೆ ಯಾರಿಗೂ ಇರುವುದಿಲ್ಲ.

ಆದರೆ ಅದು ನಿಲ್ಲುವುದಿಲ್ಲ. ಚೀಲ ಬಿಚ್ಚಿದಷ್ಟು ಸಲ ಸ್ವಲ್ಪ ಸ್ವಲ್ಪವೇ ಹಾರಿಹೋಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಂಗಿ ಒಗೆಯುವ ದಿನ ತಾನಾಗಿ ಬರುತ್ತದೆ. ಅದಕ್ಕೆ ಮಗ ಅವಸರ ಮಾಡಬೇಕಾಗಿರಲಿಲ್ಲ.

ಈ ಕಾಲದಲ್ಲಿ ಅಂಗಿಯ ಜಾಗಕ್ಕೆ ಮೊಬೈಲ್ ಬಂದಿದೆ. ದುಬೈಯಿಂದ, ಕುವೈಟಿನಿಂದ ಅಪ್ಪ ಕಳುಹಿಸಿದ ವಾಯ್ಸ್ ಮೆಸೇಜು, ಅಮ್ಮ ಮಾತಾಡಿದ ವಿಡಿಯೊ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಮೃತರ ಸಿಮ್ ಬಳಸದೆ ಬಿಟ್ಟರೆ 90 ದಿನಗಳ ಬಳಿಕ ಕಂಪನಿಯವರು ಅದನ್ನು ನಿಲ್ಲಿಸಬಹುದು. ಆಮೇಲೆ ಆ ನಂಬರು ಬೇರೆಯವರ ಪಾಲಾಗುತ್ತದೆ. ಅಪ್ಪನ ನಂಬರಿನಿಂದ ಅಪರಿಚಿತನೊಬ್ಬ "ಹಲೋ" ಅಂದಾಗ ಮಕ್ಕಳಿಗಾಗುವ ಆಘಾತವನ್ನು ನಾನು ಕಂಡಿದ್ದೇನೆ. ಸತತ 120 ದಿನ ಬಳಸದ ವಾಟ್ಸಾಪ್ ಖಾತೆಯೂ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಏಳನೇ ದಿನದ ಪೂಜೆಯ ಓಡಾಟದ ನಡುವೆಯೂ ಮನೆಯ ಹುಡುಗರಲ್ಲಿ ಯಾರಾದರೊಬ್ಬರು ಆ ದನಿಗಳನ್ನು ಕಂಪ್ಯೂಟರಿಗೋ ಪೆನ್ ಡ್ರೈವಿಗೋ ಇಳಿಸಿಟ್ಟುಕೊಳ್ಳಲಿ. ಫೋಟೊ ಎಷ್ಟು ಬೇಕಾದರೂ ಸಿಗುತ್ತದೆ. ದನಿ ಸಿಗುವುದಿಲ್ಲ.

ಅದೇ ಬೇಕು, ಅದರಂಥದ್ದಲ್ಲ

ಅದೇ ಅಂಗಡಿಯಲ್ಲಿ, ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಅಂಗಿ ತಂದುಕೊಟ್ಟರೆ ಆ ತಾಯಿಗೆ ಸಮಾಧಾನವಾಗುತ್ತಿತ್ತೇ? ಖಂಡಿತ ಇಲ್ಲ. ಯಾಕೆ? ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಬ್ರೂಸ್ ಹುಡ್ ಮತ್ತು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪಾಲ್ ಬ್ಲೂಮ್ ಎಂಬ ಮನಃಶಾಸ್ತ್ರಜ್ಞರು 2008ರಲ್ಲಿ ಒಂದು ಸ್ವಾರಸ್ಯಕರ ಪ್ರಯೋಗವನ್ನು ಪ್ರಕಟಿಸಿದರು. ಮೂರರಿಂದ ಆರು ವರ್ಷದ ಮಕ್ಕಳ ಮುಂದೆ ಎರಡು ಪೆಟ್ಟಿಗೆಗಳನ್ನಿಟ್ಟು, ಇದು ಯಾವ ವಸ್ತುವನ್ನು ಇಟ್ಟರೂ ತದ್ರೂಪ ತೆಗೆದುಕೊಡುವ ಯಂತ್ರ ಎಂದು ನಂಬಿಸಿದರು. ಸಾಮಾನ್ಯ ಆಟಿಕೆಯಾದರೆ ಮಕ್ಕಳು ತದ್ರೂಪವನ್ನು ಖುಷಿಯಿಂದ ಒಪ್ಪಿಕೊಂಡರು. ಆದರೆ ದಿನಾ ರಾತ್ರಿ ಜೊತೆಗಿಟ್ಟು ಮಲಗುವ ಗೊಂಬೆಯನ್ನೋ ಹೊದಿಕೆಯನ್ನೋ ಯಂತ್ರಕ್ಕೆ ಹಾಕಲು ಕೇಳಿದಾಗ ಕೆಲವು ಮಕ್ಕಳು ಕೊಡಲೇ ಇಲ್ಲ. ಕೊಟ್ಟವರಲ್ಲಿ ಹೆಚ್ಚಿನವರು ತಮ್ಮ ಹಳೆಯದನ್ನೇ ಮರಳಿ ಕೇಳಿದರು. ಕಣ್ಣಿಗೆ ಕಾಣದ ಏನೋ ಒಂದು ತಮ್ಮ ಗೊಂಬೆಯಲ್ಲಿದೆ, ಅದು ನಕಲಿನಲ್ಲಿ ಬರುವುದಿಲ್ಲ ಎಂಬುದು ಓದು ಬರಹ ಬಾರದ ಮಗುವಿಗೂ ಗೊತ್ತು.

ನಮ್ಮ ಚರ್ಚ್ ಕೂಡ ಇದನ್ನು ಬಹಳ ಹಿಂದಿನಿಂದಲೇ ಅರಿತಿದೆ. ಸಂತರ ಪಾರ್ಥಿವ ಅವಶೇಷಗಳ ಜೊತೆಗೆ ಅವರು ಉಟ್ಟ ಬಟ್ಟೆ, ಬಳಸಿದ ವಸ್ತುಗಳನ್ನೂ ಗೌರವದಿಂದ ಕಾಪಾಡುವ ಸಂಪ್ರದಾಯ ನಮ್ಮದು. ಕೋಲ್ಕತ್ತಾದ ಮದರ್ ಹೌಸ್‌ನಲ್ಲಿ ಮದರ್ ತೆರೇಸಾರವರ ಸೀರೆ, ಸವೆದ ಚಪ್ಪಲಿಗಳನ್ನು ಕಾಣಬಹುದು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ, 15ನೇ ವಯಸ್ಸಿನಲ್ಲೇ ತೀರಿಕೊಂಡ ಕಾರ್ಲೊ ಅಕ್ಯೂಟಿಸ್ ಅಸ್ಸಿಸಿಯ ಸಮಾಧಿಯಲ್ಲಿ ಮಲಗಿರುವುದು ಜೀನ್ಸ್, ಜಾಕೆಟ್, ಸ್ಪೋರ್ಟ್ಸ್ ಶೂಗಳಲ್ಲಿ. ಅಂಥ ಶೂ ಪೇಟೆಯಲ್ಲಿ ಬೇಕಾದಷ್ಟಿವೆ. ಪವಿತ್ರ ಅವಶೇಷಗಳನ್ನು ಮಾರಲೇಕೂಡದು ಎಂದು ಚರ್ಚಿನ ಕಾನೂನು ಸಂಹಿತೆಯ 1190ನೇ ವಿಧಿ ಹೇಳುತ್ತದೆ. ಬೆಲೆ ಕಟ್ಟಲಾಗದ್ದಕ್ಕೆ ಬೆಲೆ ಕಟ್ಟಬಾರದು ಎಂಬುದೇ ಅದರ ತಾತ್ಪರ್ಯ.

ಆದರೆ ಲೋಕ ಬೆಲೆ ಕಟ್ಟುತ್ತದೆ. ಅದು ಹೇಗೆಂದು ನೋಡಿದರೆ ನಮಗೊಂದು ಪಾಠವಿದೆ. 2020ರ ಆಗಸ್ಟಿನಲ್ಲಿ ಇದೇ ಬ್ರಿಸ್ಟಲ್ ನಗರದ ಒಂದು ಹರಾಜು ಸಂಸ್ಥೆಯ ಅಂಚೆ ಡಬ್ಬಿಯಲ್ಲಿ ಯಾರೋ ಒಂದು ಲಕೋಟೆ ತುರುಕಿ ಹೋಗಿದ್ದರು. ಅದು ಅರ್ಧ ಹೊರಗೆ ನೇತಾಡುತ್ತಿತ್ತು. ಒಳಗೆ ಚಿನ್ನದ ಲೇಪದ, ದುಂಡು ಗಾಜಿನ ಒಂದು ಹಳೆ ಕನ್ನಡಕ. ಇದು ಗಾಂಧೀಜಿಯವರದ್ದು, ದಕ್ಷಿಣ ಆಫ್ರಿಕದಲ್ಲಿ ಕೆಲಸಕ್ಕಿದ್ದ ನಮ್ಮ ಹಿರಿಯರೊಬ್ಬರಿಗೆ ಅವರಿಂದ ಸಿಕ್ಕಿದ್ದು ಎಂಬ ಮಾತು ಆ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿತ್ತು. ಪ್ರಯೋಜನವಿಲ್ಲದಿದ್ದರೆ ಬಿಸಾಡಿಬಿಡಿ ಎಂದು ಮಾಲೀಕರು ಹೇಳಿದ್ದರಂತೆ. 15 ಸಾವಿರ ಪೌಂಡ್ ಬರಬಹುದೆಂದು ಅಂದಾಜಿಸಿದ್ದ ಕನ್ನಡಕ 2 ಲಕ್ಷ 60 ಸಾವಿರ ಪೌಂಡಿಗೆ ಹೋಯಿತು. ಹಿಂದೆ 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯವರ ಇನ್ನೊಂದು ಕನ್ನಡಕ, ಚಪ್ಪಲಿ, ಜೇಬಿನ ಗಡಿಯಾರ, ಬಟ್ಟಲು ಮತ್ತು ತಟ್ಟೆಯನ್ನು ಉದ್ಯಮಿ ವಿಜಯ್ ಮಲ್ಯ 18 ಲಕ್ಷ ಡಾಲರಿಗೆ ಕೊಂಡದ್ದು ಹಲವರಿಗೆ ನೆನಪಿರಬಹುದು.

ನಾನು ಹೇಳಹೊರಟದ್ದು ಹಣದ ಮಾತಲ್ಲ. ಬ್ರಿಸ್ಟಲಿನ ಆ ಮನೆಯಲ್ಲಿ ಕಥೆ ಹೇಳುವವರು ನಡುವೆ ಒಂದು ತಲೆಮಾರು ಸುಮ್ಮನಿದ್ದಿದ್ದರೆ ಆ ಕನ್ನಡಕದ ಗತಿ ಏನಾಗುತ್ತಿತ್ತು? ಗುಜರಿಯವನ ಗೋಣಿ. ವಸ್ತುವಿನ ಬೆಲೆ ವಸ್ತುವಿನಲ್ಲಿಲ್ಲ, ಅದರೊಂದಿಗೆ ಬರುವ ಮಾತಿನಲ್ಲಿದೆ. ಮಾತು ತಪ್ಪಿದರೆ ಅಜ್ಜನ ಊರುಗೋಲು ಬರೀ ಸೌದೆ.

ಮಣ್ಣಿನಿಂದ ಎದ್ದುಬಂದ ಸೈಕಲ್

ಜಪಾನಿನ ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಒಂದು ಮೂರು ಚಕ್ರದ ಪುಟ್ಟ ಸೈಕಲ್ ಇದೆ. ತುಕ್ಕು ಹಿಡಿದು ಕಂದಾಗಿದೆ, ಸೀಟಿಲ್ಲ. 1945ರ ಆಗಸ್ಟ್ 6ರ ಬೆಳಿಗ್ಗೆ, ನಾಲ್ಕು ವರ್ಷ ತುಂಬಲು ಸ್ವಲ್ಪವೇ ಬಾಕಿಯಿದ್ದ ಬಾಲಕನೊಬ್ಬ ಮನೆಯ ಮುಂದೆ ಅದರಲ್ಲಿ ಆಡುತ್ತಿದ್ದಾಗ ಅಣುಬಾಂಬು ಸಿಡಿಯಿತು. ಅದೇ ರಾತ್ರಿ ಮಗು ತೀರಿಕೊಂಡಿತು. ಅಷ್ಟು ಸಣ್ಣ ಮಗುವನ್ನು ಮನೆಯಿಂದ ದೂರ ಒಂಟಿಯಾಗಿ ಮಲಗಿಸಲು ತಂದೆಗೆ ಮನಸ್ಸಾಗಲಿಲ್ಲ. ಹಿತ್ತಿಲಲ್ಲೇ ಗುಂಡಿ ತೋಡಿ, ಸತ್ತ ಮೇಲೂ ಆಡಿಕೊಳ್ಳಲಿ ಎಂದು ಸೈಕಲನ್ನೂ ಜೊತೆಗಿಟ್ಟು ಮುಚ್ಚಿದರು. 40 ವರ್ಷ ಕಳೆಯಿತು. 1985ರಲ್ಲಿ ಮಗುವಿನ ಅಸ್ಥಿಗಳನ್ನು ಕುಟುಂಬದ ಸಮಾಧಿಗೆ ಸೇರಿಸಲು ಹಿತ್ತಿಲನ್ನು ಅಗೆದಾಗ ಸೈಕಲ್ ಮೇಲೆ ಬಂತು. ತಂದೆ ಅದನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ಇದನ್ನು ಓದಿದಾಗಲೆಲ್ಲ ನಾನು ಆ ತಂದೆಯ 40 ವರ್ಷಗಳ ಬಗ್ಗೆ ಯೋಚಿಸುತ್ತೇನೆ. 1945ರಲ್ಲೇ ಯಾರಾದರೂ ಹೋಗಿ "ಕೊಟ್ಟುಬಿಡಿ, ಎಷ್ಟು ದಿನ ಅಂತ ಇಟ್ಟುಕೊಳ್ಳುತ್ತೀರಿ" ಎಂದಿದ್ದರೆ ಆ ಸೈಕಲ್ ಇಂದು ಎಲ್ಲಿರುತ್ತಿತ್ತು? ಕೊಡುವ ಹೊತ್ತು ಬಂದಾಗ ಅವರೇ ಕೊಟ್ಟರು. ಕೊಡುವಾಗ ವಸ್ತುವನ್ನಷ್ಟೇ ಕೊಡಲಿಲ್ಲ, ಮಗುವನ್ನೂ ಆ ಬೆಳಗನ್ನೂ ಸೇರಿಸಿ ಕೊಟ್ಟರು.

ನಮ್ಮ ಪವಿತ್ರ ಗ್ರಂಥದಲ್ಲೂ ಇಂಥದೊಂದು ದೃಶ್ಯವಿದೆ. ನಾವು ಓದಿಕೊಂಡು ಮುಂದೆ ಹೋಗುವ ಕಾರಣ ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥ ತೀರಿಕೊಳ್ಳುತ್ತಾಳೆ. ಆಕೆ ಬಡವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದವಳು. ಪೇತ್ರನು ಮನೆಗೆ ಬಂದಾಗ ವಿಧವೆಯರೆಲ್ಲ ಅವನನ್ನು ಸುತ್ತುವರಿದು ಅಳುತ್ತಾ, ತಬಿಥ ತಮ್ಮೊಂದಿಗಿದ್ದಾಗ ಹೊಲಿದ ಅಂಗಿಗಳನ್ನೂ ಮೇಲುಡುಪುಗಳನ್ನೂ ಒಂದೊಂದಾಗಿ ತೋರಿಸುತ್ತಾರೆ. ಆಕೆ ಒಳ್ಳೆಯವಳಿದ್ದಳು ಎಂದು ಅವರು ಭಾಷಣ ಮಾಡಲಿಲ್ಲ. ಹೊಲಿಗೆ ತೋರಿಸಿದರು. ಪೇತ್ರನು ಅವರನ್ನು ತಡೆಯಲೂ ಇಲ್ಲ, ಈಗ ಬಟ್ಟೆ ನೋಡುವ ಹೊತ್ತೇ ಎಂದು ಗದರಲೂ ಇಲ್ಲ. ದುಃಖದ ಮನೆಗೆ ಹೋಗುವ ನಮ್ಮ ಗುರ್ಕಾರರು, ಧರ್ಮಭಗಿನಿಯರು, ನಾವು ಗುರುಗಳು ಇದನ್ನು ಗಮನಿಸಬೇಕು. ಮನೆಯವರು ಒಂದು ಹಳೆ ಕನ್ನಡಕವನ್ನೋ ಔಷಧಿಯ ಡಬ್ಬಿಯನ್ನೋ ತಂದು ಕೈಗಿಟ್ಟರೆ ನೋಡಬೇಕು. ಗಡಿಯಾರ ನೋಡಿಕೊಳ್ಳಬಾರದು.

ದೇಹವೇ ಸಿಗದ ಮನೆಗಳಲ್ಲಂತೂ ವಸ್ತುಗಳ ಪಾತ್ರವೇ ಬೇರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ ಕಡಲ ತಳದಲ್ಲಿ ನೌಕಾಪಡೆ ಅದರ ಅವಶೇಷವನ್ನು ಪತ್ತೆ ಮಾಡಿತು. ಏಳು ಮಂದಿ ಮರಳಲಿಲ್ಲ. ಕಡಲಿಗೆ ಹೋದವರು ಬಾರದ ಮನೆಯಲ್ಲಿ ಸಮಾಧಿಯ ಕಲ್ಲು ಇಲ್ಲ, ಹೂವಿಡಲು ಜಾಗವಿಲ್ಲ. ಮೊಳೆಗೆ ನೇತುಹಾಕಿದ ಅಂಗಿಯೇ ಅಲ್ಲಿ ಎಲ್ಲವೂ. ಅದನ್ನು ತೆಗೆಯಿರಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ ಎಂಬುದು ನನ್ನ ಅನಿಸಿಕೆ.

ಪಂಡಿತನ ಗಡಿಯಾರದ ಸರಪಳಿ

ಮರೆಯಬೇಕು, ಮುಂದೆ ಸಾಗಬೇಕು ಎಂಬ ಉಪದೇಶ ನಾವೆಲ್ಲ ಕೊಡುತ್ತೇವೆ. ಇದಕ್ಕೊಂದು ಶಾಸ್ತ್ರೀಯ ಆಧಾರವೂ ಇತ್ತು. ಮನೋವಿಶ್ಲೇಷಣೆಯ ಪಿತಾಮಹ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ದುಃಖದ ಕೆಲಸವೆಂದರೆ ಸತ್ತವರಿಗೆ ಅಂಟಿಕೊಂಡ ಮನಸ್ಸನ್ನು ಒಂದೊಂದೇ ನೆನಪಿನಿಂದ ಬಿಡಿಸಿಕೊಳ್ಳುವುದು ಎಂದು ವಾದಿಸಿದ್ದ. ಅದು ಅನೇಕ ದಶಕಗಳ ಕಾಲ ಪಾಠವಾಗಿ ನಡೆಯಿತು. ಸೆಮಿನರಿಯಲ್ಲಿ ನಾವು ಓದಿದ್ದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಫ್ರಾಯ್ಡನ ಸ್ವಂತ ಬದುಕು ಬೇರೆಯದನ್ನೇ ಹೇಳುತ್ತದೆ. 1920ರ ಜನವರಿಯಲ್ಲಿ ಅವನ ಮಗಳು ಸೋಫಿ 26ನೇ ವಯಸ್ಸಿನಲ್ಲಿ ಸ್ಪ್ಯಾನಿಷ್ ಜ್ವರದಿಂದ ತೀರಿಕೊಂಡಳು. ಒಂಬತ್ತು ವರ್ಷಗಳ ನಂತರ, 1929ರಲ್ಲಿ, ಅವಳಿಗೆ 36 ತುಂಬಬೇಕಾಗಿದ್ದ ಹುಟ್ಟುಹಬ್ಬದ ಹೊತ್ತಿಗೆ, ಮಗನನ್ನು ಕಳೆದುಕೊಂಡ ಸ್ನೇಹಿತನೊಬ್ಬನಿಗೆ ಫ್ರಾಯ್ಡ್ ಪತ್ರ ಬರೆದ. ತೀವ್ರವಾದ ದುಃಖ ತಣ್ಣಗಾದರೂ ಆ ಖಾಲಿ ಜಾಗ ಎಂದೂ ತುಂಬುವುದಿಲ್ಲ, ತುಂಬಬಾರದು ಕೂಡ ಎಂಬುದು ಅದರ ಸಾರ. 1933ರಲ್ಲಿ ಚಿಕಿತ್ಸೆಗೆಂದು ಬಂದಿದ್ದ ಅಮೆರಿಕದ ಕವಯಿತ್ರಿ ಹಿಲ್ಡಾ ಡೂಲಿಟ್ಲ್ ಆ ಜ್ವರದ ವಿಷಯವೆತ್ತಿದಾಗ, ಮುದುಕನು ತನ್ನ ಗಡಿಯಾರದ ಸರಪಳಿಗೆ ಕಟ್ಟಿಕೊಂಡಿದ್ದ ಚಿಕ್ಕದೊಂದು ಪದಕವನ್ನು ತೋರಿಸಿ, ಮಗಳು ಇಲ್ಲೇ ಇದ್ದಾಳೆ ಅಂದನಂತೆ. ಬಿಡಿಸಿಕೊಳ್ಳಬೇಕೆಂದು ಲೋಕಕ್ಕೆ ಕಲಿಸಿದವನು ಹದಿಮೂರು ವರ್ಷ ಅದನ್ನು ಎದೆಯ ಹತ್ತಿರ ಕಟ್ಟಿಕೊಂಡು ತಿರುಗಾಡಿದ್ದ!

ಈಗ ತಜ್ಞರ ಅಭಿಪ್ರಾಯವೂ ಬದಲಾಗಿದೆ. 1996ರಲ್ಲಿ ಡೆನ್ನಿಸ್ ಕ್ಲಾಸ್ ಮತ್ತು ಇಬ್ಬರು ಸಹ ಲೇಖಕರು ಹೊರತಂದ ಗ್ರಂಥದ ಬಳಿಕ, ಅಗಲಿದವರೊಂದಿಗಿನ ಬಾಂಧವ್ಯ ಬೇರೊಂದು ರೂಪದಲ್ಲಿ ಮುಂದುವರಿಯುವುದು ಸಹಜವೆಂದು ಹೆಚ್ಚಿನವರು ಒಪ್ಪುತ್ತಾರೆ. ಆದರೆ ಎಲ್ಲೆ ಇದೆ. ವರ್ಷ ಕಳೆದರೂ ಹೆಚ್ಚುಕಡಿಮೆ ಪ್ರತಿದಿನ ಅದೇ ತೀವ್ರ ಹಂಬಲ, ಬದುಕಿನಲ್ಲಿ ಯಾವ ಅರ್ಥವೂ ಇಲ್ಲವೆಂಬ ಭಾವನೆ, ಕೆಲಸ ಕಾರ್ಯ ನಿಂತುಹೋಗಿರುವುದು ಇವೆಲ್ಲ ಇದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. 2022ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿತು. ದೊಡ್ಡವರಿಗೆ ಅದರಲ್ಲಿ ಹಾಕಿರುವ ಕನಿಷ್ಠ ಅವಧಿ 12 ತಿಂಗಳು. ಅಂಥವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಉಳಿದವರನ್ನು ಅವರ ಪಾಡಿಗೆ ಬಿಡಿ. ಅಂಗಿಯೊಂದನ್ನು ಇಟ್ಟುಕೊಂಡ ಮಾತ್ರಕ್ಕೆ ಯಾರೂ ರೋಗಿಯಾಗುವುದಿಲ್ಲ.

ತುರಿಮಣೆಯ ಜಗಳ

ಆಸ್ತಿಯ ಮಾತು ಬಂದಾಗ ಕಾನೂನಿದೆ. ವಿಲ್ ಬರೆಯದೆ ಕ್ರೈಸ್ತರೊಬ್ಬರು ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೆ ಮೂರರಲ್ಲೊಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಸಮನಾಗಿ. ಜಾಗ ಅಳೆಯಬಹುದು, ಬಂಗಾರ ತೂಗಬಹುದು. ಅಮ್ಮನ ತುರಿಮಣೆಯನ್ನು ಮೂರರಲ್ಲಿ ಭಾಗಿಸುವುದು ಹೇಗೆ?

ನಗಬೇಡಿ. ಎಕರೆಗಟ್ಟಲೆ ತೋಟವನ್ನು ನಗುನಗುತ್ತಾ ಹಂಚಿಕೊಂಡ ಇಬ್ಬರು ಅಕ್ಕತಂಗಿಯರು ಕಾಲು ಸಡಿಲವಾದ ಒಂದು ತುರಿಮಣೆಗಾಗಿ ನಾಲ್ಕು ವರ್ಷ ಮಾತು ಬಿಟ್ಟದ್ದನ್ನು ನಾನು ಬಲ್ಲೆ. ತೋಟಕ್ಕೆ ಬದಲು ತೋಟವಿದೆ, ದುಡ್ಡಿದೆ. ಅಮ್ಮ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದ ಮಣೆಗೆ ಬದಲಿಲ್ಲ. ಅವರ ರಾಜಿ ಮಾಡಿಸಲು ಹೋದಾಗ ತಿಳಿದದ್ದೇನೆಂದರೆ, ಇಬ್ಬರಿಗೂ ಆ ಮಣೆಯ ನೆನಪು ಬೇರೆ ಬೇರೆ. ದೊಡ್ಡವಳಿಗೆ ಅದು ಅಮ್ಮನ ಬಾಣಂತನದಲ್ಲಿ ತಾನು ಎಂಟನೇ ವಯಸ್ಸಿನಲ್ಲಿ ಅಡುಗೆ ಮಾಡಿದ ಮಣೆ. ಚಿಕ್ಕವಳಿಗೆ ಅದು ಅಮ್ಮನ ಕಾಲಬುಡದಲ್ಲಿ ಕುಳಿತು ಹಿಡಿ ತುರಿ, ಚೂರು ಬೆಲ್ಲ ತಿಂದ ಮಣೆ. ನಾಲ್ಕು ವರ್ಷ ಒಬ್ಬಳ ಕಥೆ ಇನ್ನೊಬ್ಬಳು ಕೇಳಿರಲೇ ಇಲ್ಲ. ಮಣೆ ಕೊನೆಗೆ ಯಾರ ಮನೆಗೆ ಹೋಯಿತೆಂಬುದು ಇಲ್ಲಿ ಮುಖ್ಯವಲ್ಲ.

ಹಾಗಾಗಿ ನನ್ನನ್ನು ಕೇಳಿದವರಿಗೆ ನಾನೀಗ ಹೇಳುವುದಿಷ್ಟು. ಔಷಧಿ, ಹಾಸಿಗೆ, ಗಾಲಿಕುರ್ಚಿ ಇತ್ಯಾದಿಗಳನ್ನು ಬೇಗನೆ ವಿಲೇವಾರಿ ಮಾಡಿ, ಬೇಕಾದವರು ಕಾಯುತ್ತಿರುತ್ತಾರೆ. ಉಳಿದದ್ದಕ್ಕೆ ಅವಸರವಿಲ್ಲ. ಮನೆಯವರೆಲ್ಲ ಸೇರಿದ ದಿನ ವಸ್ತುಗಳನ್ನು ಚಾಪೆಯ ಮೇಲೆ ಹರಡಿ, ಒಂದೊಂದನ್ನೂ ಕೈಗೆತ್ತಿ ಗೊತ್ತಿದ್ದವರು ಗೊತ್ತಿದ್ದದ್ದನ್ನು ಹೇಳಲಿ. ಮೊಮ್ಮಕ್ಕಳಲ್ಲಿ ಒಬ್ಬರು ಬರೆದುಕೊಳ್ಳಲಿ. ಆಮೇಲೆ ಹಂಚಿ. ಬಟ್ಟೆಗಳನ್ನು ದಾನ ಮಾಡುವಾಗ ಸಾಧ್ಯವಾದರೆ ಬೇರೆ ಊರಿಗೆ ಕೊಡಿ. ನಮ್ಮದೇ ಚರ್ಚಿನಲ್ಲಿ ಭಾನುವಾರ ಮುಂದಿನ ಸಾಲಿನಲ್ಲಿ ಅಪ್ಪನ ಅಂಗಿ ಕಂಡಾಗ ಪೂಜೆಯ ಮೇಲೆ ಗಮನ ನಿಲ್ಲುವುದು ಕಷ್ಟ! ಉತ್ತರ ಕನ್ನಡದ ಸಿದ್ದಿ ಹೆಂಗಸರು, ಉತ್ತರ ಕರ್ನಾಟಕದ ಅಜ್ಜಿಯರು ಹಳೆ ಸೀರೆ ಬಟ್ಟೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಅಮ್ಮನ ನಾಲ್ಕು ಸೀರೆ ಸೇರಿಸಿ ಹೊಲಿಸಿದ ಹೊದಿಕೆಯಲ್ಲಿ ಮೊಮ್ಮಗು ಮಲಗಿದರೆ ಅದಕ್ಕಿಂತ ಒಳ್ಳೆಯ ಉಪಯೋಗ ನನಗಂತೂ ತೋಚುವುದಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳಲು ಯಾರಿಂದಲೂ ಆಗದು. ಇಡಬೇಕಾಗಿಯೂ ಇಲ್ಲ.

ಇದಕ್ಕಿಂತಲೂ ಒಳ್ಳೆಯದು, ಅವರು ಬದುಕಿರುವಾಗಲೇ ಕೇಳುವುದು. ನಮ್ಮಲ್ಲಿ ಇದಕ್ಕೆ ಸಂಕೋಚ ಜಾಸ್ತಿ. "ನಾನು ಯಾವಾಗ ಸಾಯುವುದು ಅಂತ ಕಾಯುತ್ತಿದ್ದೀಯಾ?" ಎಂದಾರೆಂಬ ಹೆದರಿಕೆ. ಆದರೆ "ಮಾಂಯ್, ಈ ಪೆಟ್ಟಿಗೆ ಎಲ್ಲಿಂದ ಬಂತು?" ಎಂದು ಕೇಳಿದರೆ ಯಾವ ತಾಯಿಗೂ ಬೇಸರವಾಗಲಿಕ್ಕಿಲ್ಲ.

ನಾನು ಕೇಳಲಿಲ್ಲ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಫೀಸು, ಹೆಣ್ಣುಮಕ್ಕಳ ಮದುವೆಯ ಬಂಗಾರ ಬಂದದ್ದು ಬೀಡಿಯಿಂದಲೇ. ನಾನು ಸೆಮಿನರಿಗೆ ಸೇರುವಾಗ ಬೇಕಾದ ಟ್ರಂಕು, ಬಟ್ಟೆ, ಚಾದರ ಎಲ್ಲವೂ ಸಾವಿರಕ್ಕಿಷ್ಟು ಎಂಬ ಆ ಮಜೂರಿಯಿಂದ ಬಂದವು. ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಅಳತೆಯ ತಗಡನ್ನು ಎಲೆಯ ಮೇಲಿಟ್ಟು ಕತ್ತರಿಸುತ್ತಾ, ಹೊಗೆಸೊಪ್ಪು ತುಂಬಿ ಸುತ್ತಿ ನೂಲು ಕಟ್ಟುತ್ತಾ ಸಂಜೆಯ ಜಪಸರವನ್ನೂ ಅವರು ಅಲ್ಲೇ ಹೇಳಿಸುತ್ತಿದ್ದರು. ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ, ಎರಡೂ ತಪ್ಪುತ್ತಿರಲಿಲ್ಲ.

2014ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅಣ್ಣನಿಗೆ ಕುವೈಟಿನಿಂದ ಸಿಕ್ಕಿದ್ದು ಹದಿನೈದು ದಿನದ ರಜೆ. ನನಗೂ ಧರ್ಮಕೇಂದ್ರದ ಕೆಲಸಗಳ ಅವಸರ. ಎಲ್ಲ ಇರುವಾಗಲೇ ಮುಗಿಸಿಬಿಡೋಣ ಎಂದು ಹೇಳಿದವನು ನಾನೇ. ಒಂದು ಮಧ್ಯಾಹ್ನದಲ್ಲಿ ಕೋಣೆ ಖಾಲಿಯಾಯಿತು. ಸೀರೆಗಳು ವೃದ್ಧಾಶ್ರಮಕ್ಕೆ, ಪೆಟ್ಟಿಗೆ ಗುಜರಿಗೆ. ಅಂಚು ಸವೆದು ಕಪ್ಪಾಗಿದ್ದ ತಡ್ಪೆಯನ್ನು ಬಚ್ಚಲ ಒಲೆಗೆ ಇಟ್ಟವನೂ ನಾನೇ. ಮಳೆಗೆ ಸೌದೆ ಒದ್ದೆಯಾಗಿತ್ತು, ಅಣ್ಣನ ಸ್ನಾನಕ್ಕೆ ನೀರು ಕಾಯಬೇಕಿತ್ತು.

ವರ್ಷದ ಪೂಜೆಗೆ ಹೋದಾಗ ಅಕ್ಕ ಹೇಳಿದಳು. ಆ ತಡ್ಪೆಯನ್ನು ನಾನು ಸೆಮಿನರಿಗೆ ಹೋದ ವರ್ಷ ಅಮ್ಮ ಹೊಸದಾಗಿ ಕೊಂಡಿದ್ದರಂತೆ. ಹಳೆಯದು ಚಿಕ್ಕದು, ಇನ್ನು ಹೆಚ್ಚು ಕಟ್ಟಬೇಕು ಎಂದು. "ಇದು ಬಾಬನಿಗೆ ಇರಲಿ" ಎಂದು ಕೊನೆಗಾಲದಲ್ಲಿ ಎರಡು ಮೂರು ಸಲ ಹೇಳಿದ್ದರಂತೆ.

"ಆವತ್ತೇ ಯಾಕೆ ಹೇಳಲಿಲ್ಲ?" ಎಂದೆ.

"ನೀನೇ ಒಲೆಗೆ ಇಡುವಾಗ ನಾನು ಏನು ಹೇಳಲಿ? ನಿನಗೆ ಗೊತ್ತಿರಬಹುದು ಅಂದುಕೊಂಡೆ. ಫಾದರ್ ಅಲ್ವಾ ನೀನು."

ಉಳಿದದ್ದು ಕತ್ತರಿ ಒಂದೇ. ಅದು ಅಕ್ಕನ ಅಡುಗೆಕೋಣೆಯಲ್ಲಿದೆ, ಹಾಲಿನ ಪ್ಯಾಕೆಟ್ ಕತ್ತರಿಸಲು ಬಳಸುತ್ತಾಳೆ. ನನಗೆ ಕೊಡು ಎಂದು ನಾನು ಕೇಳಿಲ್ಲ. ಕಳೆದ ಸಲ ಹೋದಾಗ ಅವಳ ಮಗಳಿಗೆ ಅದರ ವಿಷಯವನ್ನೆಲ್ಲ ಹೇಳಿದೆ. ತಡ್ಪೆಯ ವಿಷಯವನ್ನೂ ಬಿಡಲಿಲ್ಲ. ಇಂಜಿನಿಯರಿಂಗ್ ಓದುವ ಹುಡುಗಿ, ಬೀಡಿ ಕಟ್ಟುವುದನ್ನು ಕಂಡವಳೇ ಅಲ್ಲ. "ಎಲೆಯನ್ನು ಹೇಗೆ ಕತ್ತರಿಸುತ್ತಿದ್ದರು?" ಎಂದು ಕೇಳಿದಳು. ಅಕ್ಕ ಕೈ ಒರೆಸಿಕೊಂಡು ಬಂದು, ಹಳೆ ಪೇಪರಿನ ಹಾಳೆಯೊಂದನ್ನು ಎತ್ತಿಕೊಂಡು, ತಗಡಿಲ್ಲದೆ ಬರೀ ಕಣ್ಣಳತೆಯಲ್ಲಿ ಕತ್ತರಿಸಿ ತೋರಿಸಿದಳು. ಒಂದಲ್ಲ, ನಾಲ್ಕು. ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ನೋಡಿದೆವು. ಅಂಚಿಗೆ ಅಂಚು ಸರಿಯಾಗಿ ಕುಳಿತಿತು.